ಸೆಕೆಂಡ್ ಹ್ಯಾಂಡ್ ಫರ್ನಿಚರ್‌ಗೆ ಬಣ್ಣ ಹೊಡೆದು ಮನೆಯಿಂದ ಮಾರ್ತಿದ್ದೀನಿ: ಬಿಳಿ ಬಣ್ಣದ ಮೇಲೆ ಕಂದು ಕಲೆ ಏಳ್ತಿದೆ, ಕುರ್ಚಿಯಿಂದ ಹಿಟ್ಟು ಉದುರ್ತಿದೆ

ಹಿತ್ತಲಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಗಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಹಗಲಲ್ಲಿ ಬಿಡುವು ಸಿಗ್ತಿದೆ. ಹಳೇ ಫರ್ನಿಚರ್ ಕೊಂಡು, ಉಜ್ಜಿ, ಬಣ್ಣ ಹೊಡೆದು ಮಾರೋದಕ್ಕೆ ಕೈ ಹಾಕಿದ್ದೀನಿ. ಮನೆ ಹಿಂದೆ ಶೀಟ್ ಇಳಿಸಿದ ಜಾಗ ಇದೆ, ಕೆಲಸ ಎಲ್ಲ ಅಲ್ಲೇ. ಸ್ಟೂಲು, ಚಪ್ಪಲಿ ಸ್ಟ್ಯಾಂಡು, ಪುಟ್ಟ ಪುಸ್ತಕದ ಕಪಾಟು ಇಂಥವೆಲ್ಲ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ಕೂಡಲೇ ಹೋದವು. ಈಗ ದೊಡ್ಡ ಸಾಮಾನು ತಂದಿದ್ದೀನಿ, ಮೂರರಲ್ಲೂ ಪ್ರಶ್ನೆ ಇದೆ.

ಮೊದಲನೇದು ಒಂದು ಬರೆಯೋ ಮೇಜು. ಮೂರು ಡ್ರಾಯರ್, ಇಬ್ಬರು ಹಿಡಿದರೂ ಎತ್ತೋಕೆ ಕಷ್ಟ, ಅಷ್ಟು ಭಾರ. ಗುಜರಿಯವರು ‘ಕಾಡುಮರ’ ಅಂದ್ರು. ಉಜ್ಜಿದಾಗ ಬಂದ ಹೊಟ್ಟು ಒಂಥರಾ ನೇರಳೆ ಮಿಶ್ರಿತ ಕಂದು. ನೀರಿನ ಪ್ರೈಮರ್ ಒಂದು ಕೋಟು, ಬಿಳಿ ಎಮಲ್ಷನ್ ಎರಡು ಕೋಟು ಕೊಟ್ಟೆ. ಮೇಲ್ಹಲಗೆಯಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ ಎದ್ದಿದೆ. ಇನ್ನೊಂದು ಕೋಟು ಕೊಟ್ಟರೂ ಅದೇ ಜಾಗದಲ್ಲಿ ಮತ್ತೆ ಬಂತು.

ಎರಡನೇದು ಬೆತ್ತದ ಸೀಟಿನ ಎರಡು ಕುರ್ಚಿ. ಬೆತ್ತ ಹರಿದಿಲ್ಲ, ಜೋತುಬಿದ್ದಿದೆ. ಒಂದು ಕುರ್ಚಿಯ ಹಿಂಗಾಲಿನ ಹತ್ತಿರ ನೆಲದ ಮೇಲೆ ಸಣ್ಣಗೆ ಹಿಟ್ಟು ಬೀಳುತ್ತೆ, ಗುಂಡುಸೂಜಿ ತಲೆಯಷ್ಟು ತೂತುಗಳಿವೆ.

ಮೂರನೇದು ತೊಟ್ಟಿಲು. ಮನೆ ಖಾಲಿ ಮಾಡುತ್ತಿದ್ದವರ ಹತ್ತಿರ ತಗೊಂಡೆ. ಮೇಲೆ ದಪ್ಪಗೆ ಹಸಿರು ಆಯಿಲ್ ಪೇಂಟ್, ಅಲ್ಲಲ್ಲಿ ಚಕ್ಕೆ ಏಳ್ತಿದೆ. ನಮ್ಮ ಬಡಾವಣೆಯ ಆಂಟಿಯೊಬ್ಬರು ಮೊಮ್ಮಗುವಿಗೆ ಬೇಕು, ಗುಲಾಬಿ ಬಣ್ಣ ಹೊಡೆದು ಕೊಡು ಅಂತಿದ್ದಾರೆ. ನಾಮಕರಣಕ್ಕೆ ಇನ್ನೂ ಟೈಮ್ ಇದೆ.

ಬೆಲೆ ಹೇಗೆ ಹೇಳೋದು ಅನ್ನೋದನ್ನೂ ಯಾರಾದರೂ ತಿಳಿಸಿ. ಎಲ್ಲರೂ ‘ಹಳೇದಲ್ವಾ’ ಅಂತ ಅರ್ಧಕ್ಕೆ ಕೇಳ್ತಾರೆ.

ಬಣ್ಣದಂಗಡಿ, ದಾವಣಗೆರೆ

ಮೇಡಂ, ಮೇಜಿನದ್ದು ಟ್ಯಾನಿನ್ ಕಲೆ. ಕೆಲವು ಮರದಲ್ಲಿ ಬಣ್ಣದ ಅಂಶ ಇರುತ್ತೆ, ನೀರು ತಾಗಿದರೆ ಕರಗಿ ಮೇಲೆ ಬರುತ್ತೆ. ನೀರಿನ ಪ್ರೈಮರ್, ನೀರಿನ ಎಮಲ್ಷನ್ ಎಷ್ಟು ಕೋಟು ಹೊಡೆದರೂ ಪ್ರತಿ ಸಲ ಹಸಿಯಾಗುತ್ತೆ, ಪ್ರತಿ ಸಲ ಕಲೆ ಬರುತ್ತೆ. ಮಧ್ಯೆ ಅರಗಿನ ಸೀಲರ್ ಒಂದೆರಡು ಕೋಟು ಬೇಕು. ಅಂಗಡಿಯಲ್ಲಿ ಶೆಲ್ಯಾಕ್ ಅಂತ ಕೇಳಿ. ಅದು ಸ್ಪಿರಿಟ್‌ನಲ್ಲಿ, ಅಂದರೆ ಪಾಲಿಶ್‌ಗೆ ಬಳಸೋ ಆಲ್ಕೋಹಾಲ್‌ನಲ್ಲಿ ಕರಗೋದು, ನೀರಲ್ಲಿ ಕರಗಲ್ಲ, ಹಾಗಾಗಿ ಕಲೆ ಅಲ್ಲೇ ನಿಲ್ಲುತ್ತೆ.

ಮರದಕ್ಕ, ಶಿವಮೊಗ್ಗ

ತಂಗಿ, ದಾವಣಗೆರೆಯವರು ಹೇಳಿದ ಮದ್ದು ಸರಿ. ಆದರೆ ಆ ಮೇಜಿಗೆ ಮದ್ದು ಮಾಡೋ ಮುಂಚೆ ಅದು ಯಾವ ಮರ ಅಂತ ನೋಡಿ. ನೇರಳೆ ಕಂದು ಹೊಟ್ಟು, ಎತ್ತಲಾರದ ಭಾರ ಅಂದ್ರಲ್ಲ, ಓದಿದ ಕೂಡಲೇ ನನಗೆ ಅನ್ನಿಸಿದ್ದು ಬೀಟೆ, ಅಂದರೆ ರೋಸ್‌ವುಡ್ ಅಂತ.

ನಾನು ಈ ಕೆಲಸ ಮನೆಯ ಜಗಲಿಯಲ್ಲೇ ಮಾಡಿಕೊಂಡು ಬಂದವಳು. ನಮ್ಮ ಬೀದಿಯಲ್ಲಿ ಪಾಲಿಶ್ ಕೆಲಸದ ಅಜ್ಜ ಒಬ್ಬರಿದ್ದರು, ಅವರು ಯಾವ ಸಾಮಾನು ಬಂದರೂ ಮೊದಲು ಮಗುಚಿ ಹಾಕೋರು. ಮೇಲ್ಗಡೆ ಯಾರು ಏನು ಬೇಕಾದರೂ ಬಳಿದಿರ್ತಾರೆ, ತಳಕ್ಕೆ ಯಾರೂ ಬಳಿಯಲ್ಲ. ನೀವೂ ಡ್ರಾಯರ್ ಎಳೆದು ತೆಗೆದು, ಒಳಗಿನ ಪಟ್ಟಿಯ ಮೇಲೆ ಉಗುರಿನಷ್ಟು ಜಾಗ ಚಾಕುವಿನಿಂದ ಕೆರೆದು ನೋಡಿ. ತೇಗ ಆದರೆ ಬಂಗಾರದ ಕಂದು, ಮುಟ್ಟಿದರೆ ಸ್ವಲ್ಪ ಎಣ್ಣೆ ಜಿಡ್ಡು, ಚರ್ಮದ ಥರ ವಾಸನೆ. ಹಲಸು ಹೊಸ ಗೀರಲ್ಲಿ ಹಳದಿ. ಎಸ್ಟೇಟ್ ಕಡೆಯ ಸಿಲ್ವರ್ ಓಕ್ ಹಗುರ, ಮೈಯೆಲ್ಲ ಚುಕ್ಕೆ ಚುಕ್ಕೆ ಮಿಂಚು. ಬೀಟೆಗೆ ಕಪ್ಪು ನೇರಳೆ ಗೆರೆ ಓಡಿರುತ್ತೆ, ಒಂದೇ ಅಳತೆಯ ತೇಗಕ್ಕಿಂತ ಭಾರ. ಸಂಶಯ ಇದ್ದರೆ ನೀವಿರೋದೇ ಮೈಸೂರು, ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದಲ್ಲಿ ಚಿತ್ರ ಕೂರಿಸೋ ಇನ್‌ಲೇ ಕೆಲಸ ಮಾಡೋರು ಇದ್ದಾರೆ, ಒಂದು ಡ್ರಾಯರ್ ತಗೊಂಡು ಹೋಗಿ ತೋರಿಸಿ. ನೋಡಿದ ಕೂಡಲೇ ಹೇಳ್ತಾರೆ.

ಬೀಟೆ ಅಂತ ಗೊತ್ತಾದರೆ ದಯವಿಟ್ಟು ಬಿಳಿ ಬಣ್ಣ ಬೇಡ. ಈಗ ಹೊಡೆದಿರೋದನ್ನೂ ತೆಗೆಯಿರಿ. ಅಂಥ ಅಗಲದ ಹಲಗೆ ಇವತ್ತು ಹೊಸದಾಗಿ ಕೊಯ್ಸೋಕೆ ಸುಲಭಕ್ಕೆ ಆಗಲ್ಲ, ಕೊಯ್ಸಿದರೂ ನೀವು ನಾನು ಕೊಳ್ಳೋ ಬೆಲೆಗಲ್ಲ. ಬಣ್ಣ ಹೊಡೆಯೋಕೆ ಪ್ಲೈವುಡ್ ಇದೆ, ರಬ್ಬರ್ ವುಡ್ ಇದೆ, ಬಣ್ಣ ಬಣ್ಣದ ತುಂಡು ಸೇರಿಸಿ ಮಾಡಿದ ಕಾಡುಮರದ ಸಾಮಾನು ಬೇಕಾದಷ್ಟಿದೆ. ಅವಕ್ಕೆ ಬಣ್ಣ ಹೊಡೆದರೆ ಜೀವ ಬರುತ್ತೆ. ಬೀಟೆ, ತೇಗಕ್ಕೆ ಬಣ್ಣ ಹೊಡೆದರೆ ಅದರ ಬೆಲೆ ಹೋಗುತ್ತೆ, ನೋಡೋರ ಹೊಟ್ಟೆಯೂ ಉರಿಯುತ್ತೆ.

ತೆಗೆಯೋದು ಹೇಗೆ ಅಂದರೆ, ಎಮಲ್ಷನ್ ಹೊಸದಾಗಿರೋದರಿಂದ ಸುಲಭ. ಹಳೇ ಬಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದಡಿ ಜಾಗಕ್ಕೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಹತ್ತು ಹದಿನೈದು ನಿಮಿಷಕ್ಕೆ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟುತ್ತೆ. ಆಗ ಪ್ಲಾಸ್ಟಿಕ್ ಪಟ್ಟಿಯಿಂದ ಮರದ ಗೆರೆ ಓಡಿದ ಕಡೆಗೇ ನೂಕಿ. ಅಡ್ಡಡ್ಡ ಕೆರೆಯಬೇಡಿ. ರಂಧ್ರಗಳಲ್ಲಿ ಬಿಳಿ ಉಳಿಯುತ್ತೆ, ಅದಕ್ಕೆ ನೈಲಾನ್ ಬ್ರಷ್ ಸ್ಪಿರಿಟ್‌ನಲ್ಲಿ ಅದ್ದಿ ಗೆರೆ ಗುಂಟ ತಿಕ್ಕಿ. ಆದರೂ ಅಷ್ಟಿಷ್ಟು ಉಳಿದರೆ ಕೊನೆಗೆ ಗಾಢ ಬಣ್ಣದ ವ್ಯಾಕ್ಸ್ ಉಜ್ಜಿದಾಗ ಮುಚ್ಚುತ್ತೆ. ಹತ್ತಿರದಲ್ಲಿ ಒಲೆ, ದೀಪ, ಊದುಬತ್ತಿ ಯಾವುದೂ ಇರಕೂಡದು. ಸ್ಪಿರಿಟ್‌ನ ಉರಿ ಹಗಲು ಬೆಳಕಲ್ಲಿ ಕಣ್ಣಿಗೇ ಸರಿಯಾಗಿ ಕಾಣಲ್ಲ. ಬೀಟೆ ಉಜ್ಜುವಾಗ ಮಾಸ್ಕ್, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಆ ಹೊಟ್ಟಿಗೆ ಕೆಲವರ ಚರ್ಮ ಕೆಂಪಾಗಿ ತುರಿಕೆ ಬರುತ್ತೆ.

ಆಮೇಲೆ 120 ನಂಬರ್ ಉಪ್ಪುಕಾಗದ, ಅದಾದ ಮೇಲೆ 180, ಕೊನೆಗೆ 220. ಮಧ್ಯದ್ದನ್ನು ಬಿಟ್ಟು ಹಾರಿದರೆ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತೆ.

ಪಾಲಿಶ್‌ಗೆ ನಾನು ಅರಗನ್ನೇ ನೆಚ್ಚಿಕೊಂಡವಳು. 100 ಗ್ರಾಂ ಅರಗಿನ ಚಕ್ಕೆಗೆ 400 ಮಿಲಿ ಸ್ಪಿರಿಟ್ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಎಷ್ಟು ಬೇಕೋ ಅಷ್ಟೇ ಮಾಡಿ, ತುಂಬ ಹಳೇದಾದರೆ ಅದು ಸರಿಯಾಗಿ ಒಣಗಲ್ಲ, ಅಂಟಂಟು ಉಳಿಯುತ್ತೆ. ಒಂದು ಹಿಡಿ ಹತ್ತಿಯನ್ನು ಮೆತ್ತನೆಯ ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಉಂಡೆ ಮಾಡಿ, ಅರಗನ್ನು ಹತ್ತಿಗೆ ಕುಡಿಸಿ, ಹಿಂಡಿದಾಗ ತೊಟ್ಟಿಕ್ಕದೆ ಬಟ್ಟೆ ಬರೀ ಒದ್ದೆಯಾಗಬೇಕು. ತಳಕ್ಕೆ ಒಂದೇ ಹನಿ ಅಗಸೆ ಎಣ್ಣೆ, ಜಾರೋದಕ್ಕೆ. ಉಂಡೆ ಮರಕ್ಕೆ ತಾಗುವಾಗಲೂ ಓಡ್ತಿರಬೇಕು, ಬಿಡುವಾಗಲೂ ಓಡ್ತಿರಬೇಕು. ವಿಮಾನ ಇಳಿದು ಹಾಗೇ ಮತ್ತೆ ಏರಿದ ಹಾಗೆ. ನಡುವೆ ಒಂದು ಕ್ಷಣ ನಿಂತರೆ ಕೆಳಗಿನ ಪದರ ಕರಗಿ ಬಟ್ಟೆಯ ಗುರುತು ಕೂರುತ್ತೆ. ಮೊದಲ ಸುತ್ತಿನಲ್ಲಿ ಏನೂ ಆದಂತೆ ಕಾಣಲ್ಲ. ಒಣಗಿಸಿ ಒಣಗಿಸಿ ಕೊಡ್ತಾ ಹೋಗಿ, ಯಾವುದೋ ಒಂದು ಸುತ್ತಿನಲ್ಲಿ ಕಿಟಕಿಯ ಬೆಳಕು ಹಲಗೆಯಲ್ಲಿ ಚೌಕವಾಗಿ ಮೂಡುತ್ತೆ. ಆ ಹೊಳಪು ಸ್ಪ್ರೇ ಮಾಡಿದ ಮೆಲಮೈನ್ ಪಾಲಿಶ್‌ಗೆ ಬರಲ್ಲ. ಅರಗಿಗೆ ಬಿಸಿ ಪಾತ್ರೆ, ನೀರು ಎರಡೂ ಆಗಿಬರಲ್ಲ, ಅದನ್ನು ಕೊಳ್ಳೋರಿಗೆ ಮೊದಲೇ ಹೇಳಿ. ಊಟದ ಮೇಜಾದರೆ ನಾನೇ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕ್ತೀನಿ.

ಮಳೆಗಾಲದ ಮಾತು. ನಮ್ಮ ಶಿವಮೊಗ್ಗದಲ್ಲಿ ಜೂನ್ ಜುಲೈನಲ್ಲಿ ಅರಗು ಹಾಕಿದರೆ ಮಂಜು ಕೂತ ಹಾಗೆ ಬೆಳ್ಳಗಾಗುತ್ತೆ, ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಳ್ಳುತ್ತೆ. ಆ ತಿಂಗಳಲ್ಲಿ ನಾನು ಉಜ್ಜೋದು, ಕಾಲು ಬಿಗಿ ಮಾಡೋದು, ಡ್ರಾಯರ್ ರಿಪೇರಿ ಇಷ್ಟನ್ನೇ ಇಟ್ಟುಕೊಳ್ತೀನಿ. ಮೈಸೂರಲ್ಲಿ ಅಷ್ಟು ಕಷ್ಟ ಇಲ್ಲ, ಆದರೂ ಬಿಸಿಲು ಬಿದ್ದ ದಿನ ನೋಡಿಕೊಂಡು ಮಾಡಿ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಕೂಡದು. ಆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತೆ, ಮುದ್ದೆಯೊಳಗೆ ಕಾವು ಹೆಚ್ಚಿ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತೆ. ಹಗ್ಗದ ಮೇಲೆ ಬಿಡಿಸಿ ಹರವಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿಡಿ.

ಕುರ್ಚಿಗಳು. ಬೆತ್ತ ಹರಿದಿಲ್ಲ ಅಂದ್ರೆ ಹೊಸದಾಗಿ ಹೆಣೆಸಬೇಡಿ. ಕುರ್ಚಿ ಮಗುಚಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಬೆತ್ತದ ತಳಭಾಗಕ್ಕೆ ಅರ್ಧ ಗಂಟೆ ಹೊದಿಸಿ, ಆಮೇಲೆ ಗಾಳಿಗೆ ಇಡಿ. ಒಣಗುವಾಗ ಬಿಗಿದುಕೊಳ್ಳುತ್ತೆ. ಪೂರ್ತಿ ಒಣಗೋವರೆಗೆ ಯಾರೂ ಕೂರಬಾರದು.

ಹಿಟ್ಟು ಉದುರೋ ಕುರ್ಚಿಯನ್ನು ಇವತ್ತೇ ಬೇರೆ ಸಾಮಾನಿನಿಂದ ದೂರ ಇಡಿ. ಅದು ಗೆದ್ದಲಲ್ಲ, ಗೆದ್ದಲಾದರೆ ಮಣ್ಣಿನ ದಾರಿ ಕಾಣುತ್ತೆ. ಇದು ಮರ ಕೊರೆಯೋ ಹುಳ. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಅಂತಲ್ಲ, ಹುಳ ಹೊರಗೆ ಹೋದ ಮೇಲೂ ತೂತು ಉಳಿಯುತ್ತೆ. ಹಳೇ ಹಿಟ್ಟನ್ನೆಲ್ಲ ಕೊಡವಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಹಿಟ್ಟು ಬಿದ್ದರೆ ಒಳಗೆ ಇನ್ನೂ ಇದೆ. ಹಾಗಿದ್ದರೆ ಹಳೇ ಪಾಲಿಶ್ ತೆಗೆದು ಬರೀ ಮರಕ್ಕೆ ಬೋರಾಕ್ಸ್, ಬೋರಿಕ್ ಪೌಡರ್ ಬಿಸಿನೀರಲ್ಲಿ ಕರಗಿಸಿ ಬ್ರಷ್‌ನಲ್ಲಿ ಕುಡಿಸಿ, ತೂತಿಗೆ ಅಂಗಡಿಯಲ್ಲಿ ಸಿಗೋ ಮರದ ಹುಳದ ಔಷಧಿಯನ್ನು ಸಿರಿಂಜ್‌ನಲ್ಲಿ ಹಾಕಿ. ಮಗಳ ಕೈಗೆ ಸಿಗೋ ಕಡೆ ಇವು ಯಾವುದೂ ಇರಕೂಡದು. ಕಾಲು ಒಳಗೆ ಟೊಳ್ಳಾಗಿದೆಯಾ ಅಂತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಕಾಲನ್ನು ಬಡಗಿ ಹತ್ತಿರ ಬದಲಾಯಿಸಿ. ಪುಟ್ಟಿ ತುಂಬಿ ಬಣ್ಣ ಹೊಡೆದು ಕೊಟ್ಟರೆ ವಯಸ್ಸಾದವರು ಯಾರಾದರೂ ಕೂತು ಬೀಳ್ತಾರೆ.

ತೊಟ್ಟಿಲಿನ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳ್ತೀನಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಆಯಿಲ್ ಪೇಂಟ್‌ನಲ್ಲಿ ಸೀಸ ಇದೆ ಅಂತಲೇ ಭಾವಿಸಿ ಕೆಲಸ ಮಾಡಬೇಕು. ಹಲ್ಲು ಬರೋ ಮಗು ತೊಟ್ಟಿಲ ಅಂಚನ್ನೇ ಕಡಿಯುತ್ತೆ. ಸೀಸ ಮಗುವಿನ ಮಿದುಳಿಗೆ ಕೆಟ್ಟದ್ದು, ಇಷ್ಟಾದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಅದಕ್ಕಿಲ್ಲ. ಹಸಿರಿನ ಮೇಲೆ ಗುಲಾಬಿ ಹೊಡೆದು ಕೊಡೋದು ಖಂಡಿತ ಬೇಡ. ಒಣ ಉಪ್ಪುಕಾಗದದಲ್ಲಿ ಉಜ್ಜಬೇಡಿ, ಹೀಟ್ ಗನ್ನೂ ಬೇಡ. ಒಂದರಿಂದ ದೂಳು, ಇನ್ನೊಂದರಿಂದ ಹೊಗೆ. ರಿಮೂವರ್ ಹಚ್ಚಿ ಹಸಿಯಾಗಿಯೇ ಕೆರೆದು, ಬಂದ ಚಕ್ಕೆಯನ್ನೆಲ್ಲ ಕವರ್‌ನಲ್ಲಿ ಕಟ್ಟಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಗುಡಿಸಬೇಡಿ. ಅಷ್ಟು ಮಾಡೋಕೆ ನಿಮ್ಮ ಹಿತ್ತಲಲ್ಲಿ ಅನುಕೂಲ ಇಲ್ಲ ಅಂದ್ರೆ ಆಂಟಿಗೆ ಇದು ಮಗುವಿಗಲ್ಲ ಅಂತ ಹೇಳಿ. ದಸರಾ ಗೊಂಬೆ ಕೂರಿಸೋಕೆ ಕೇಳೋರು ಮೈಸೂರಲ್ಲಿ ಸಿಗ್ತಾರೆ.

ಹುಬ್ಬಳ್ಳಿ ಓಣಿ

ನಮಸ್ಕಾರ್ರೀ ಅಕ್ಕಾರ. ತೊಟ್ಟಿಲದ ಮಾತು ಬಂತಲ್ರೀ, ಅದಕ್ಕ ಬರೀಲಿಕ್ಕತ್ತೇನಿ. ರಿಮೂವರ್ ಹಚ್ಚೂಕಿಂತ ಮೊದಲ ಒಂದ ಸಣ್ಣ ಮೂಲ್ಯಾಗ ಹಸರ ಬಣ್ಣದ ಕೆಳಗ ಏನೈತಿ ಅಂತ ನೋಡ್ರಿ. ನಮ್ಮ ಕಡೆ ಕಲಘಟಗಿ ತೊಟ್ಟಿಲಾ ಅಂದ್ರ ಭಾಳ ಹೆಸರ. ಸಾಗವಾನಿ ಕಟಗಿ, ಮ್ಯಾಲ ಅರಗಿನ ಬಣ್ಣ, ಸುತ್ತಲೂ ದೇವರ ಚಿತ್ರ ಬರದಿರ್ತಾರ. ನಮ್ಮ ಓಣ್ಯಾಗ ಮೂರ ತಲಿಮಾರಿನ ಕೂಸುಗಳು ಒಂದ ತೊಟ್ಟಿಲದಾಗ ಬೆಳದ ಮನಿ ಅದಾವ. ಚಿತ್ರ ಮಾಸ್ಯಾವ ಅಂತ ಮ್ಯಾಲೆ ಆಯಿಲ್ ಪೇಂಟ್ ಹೊಡದ ತೊಟ್ಟಿಲಾನೂ ನಾ ನೋಡೇನಿ. ನಿಮ್ಮದೂ ಹಂಗ ಇದ್ರ ಸ್ಪಿರಿಟ್ ಮುಟ್ಟಸಬ್ಯಾಡ್ರಿ. ಅರಗಿನ ಬಣ್ಣ ಸ್ಪಿರಿಟ್‌ನ್ಯಾಗ ಕರಗಿ ಹೋಗ್ತೈತಿ, ಚಿತ್ರ ಹೋದ್ರ ಹೋತು.

ಲೆಕ್ಕದವನು, ಬೆಂಗಳೂರು

ಕೆಲಸದ ಬಗ್ಗೆ ನನಗೆ ಗೊತ್ತಿಲ್ಲ, ದುಡ್ಡಿನ ಬಗ್ಗೆ ಎರಡು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗಿನಿಂದ ಮನೆಯಿಂದ ಮಾರುವವರೂ ಹೆದರಿದ್ದಾರೆ. ಬರೀ ಸಾಮಾನು ಮಾರೋದಾದರೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ ಮೇಲಷ್ಟೇ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೇರೆಯವರ ಫರ್ನಿಚರ್‌ಗೆ ಪಾಲಿಶ್ ಮಾಡಿಕೊಟ್ಟು ಕೂಲಿ ತಗೊಂಡರೆ ಅದು ಸೇವೆ, ಆಗ ಮಿತಿ 20 ಲಕ್ಷ. ನೀವು ಎರಡಕ್ಕೂ ತುಂಬ ದೂರ ಇದ್ದೀರಿ, ಆದರೂ ಕೊಂಡಿದ್ದು ಮಾರಿದ್ದು ಒಂದು ಪುಸ್ತಕದಲ್ಲಿ ಬರೆದಿಡಿ, ಮನೆ ಖರ್ಚಿಗೆ ಬೇರೆ ಖಾತೆ ಇರಲಿ.

ಇನ್ನೊಂದು, ಓಎಲ್‌ಎಕ್ಸ್‌ನಲ್ಲಿ ಹಾಕಿದರೆ ಸಾಮಾನು ನೋಡದೆಯೇ ‘ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನೋರು ಬರ್ತಾರೆ. ದುಡ್ಡು ಬರೋದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಹಾಕಿದರೆ ನಿಮ್ಮ ದುಡ್ಡೇ ಹೋಗುತ್ತೆ.

ಹಿತ್ತಲಮನೆ, ಮೈಸೂರು

ಎಲ್ಲರಿಗೂ ತುಂಬ ಧನ್ಯವಾದ. ಮೇಜು ಬೀಟೆಯೇ! ಡ್ರಾಯರ್ ಪಟ್ಟಿ ಕೆರೆದಾಗ ಕಪ್ಪು ಗೆರೆ ಕಂಡಿತು, ಮಂಡಿ ಮೊಹಲ್ಲಾದಲ್ಲೂ ಹಾಗೇ ಹೇಳಿದ್ರು. ಬಿಳಿ ಬಣ್ಣ ಒಂದು ಪಕ್ಕ ಪೂರ್ತಿ ಬಂತು.

ತೊಟ್ಟಿಲ ಕೆಳಗಿನ ಕಂಬಿಯ ಒಳಬದಿಯಲ್ಲಿ ಚಕ್ಕೆ ಎದ್ದ ಕಡೆ ಉಗುರಿಂದ ಮೆಲ್ಲಗೆ ಎತ್ತಿದೆ. ಹಸಿರಿನ ಕೆಳಗೆ ಕೆಂಪು ಇದೆ, ಅದರ ಮೇಲೆ ಹಳದಿ ಗೆರೆ, ಚುಕ್ಕೆ. ಕೈ ಅಲ್ಲೇ ನಿಲ್ಲಿಸಿದೆ. ಅಣ್ಣ, ಈಗ ಏನು ಮಾಡಲಿ? ಅಕ್ಕ, ಮೇಜಿಗೆ ಬೆಲೆ ಎಷ್ಟು ಹೇಳಲಿ?

ಹುಬ್ಬಳ್ಳಿ ಓಣಿ

ಛಲೋ ಆತು ತಂಗಿ, ಅಲ್ಲೇ ನಿಲ್ಲಸಿದ್ದು. ಕೆಂಪ, ಹಳದಿ ಅಂದ್ರ ಅರಗಿನ ಕೆಲಸಾನ ಇರಬೇಕ. ಆಯಿಲ್ ಪೇಂಟ್ ತಾನ ಚಕ್ಕಿ ಏಳಲಿಕ್ಕತ್ತಿದ್ರ ಅದು ಅರಗಿನ ನುಣುಪಿಗೆ ಸರಿ ಹಿಡಕೊಂಡಿಲ್ಲ. ಅಂಥಲ್ಲಿ ಮಾಸ್ಕ್ ಹಾಕ್ಕೊಂಡು, ನೀರ ಚಿಮುಕಿಸಿ, ಪ್ಲಾಸ್ಟಿಕ್ ಪಟ್ಟಿಲೆ ತಾನ ಬರೂ ಅಷ್ಟ ಎತ್ರಿ. ಹಟಾ ಮಾಡಿ ಕೆರೀಬ್ಯಾಡ್ರಿ, ಥಿನ್ನರ್ ಹಾಕಬ್ಯಾಡ್ರಿ. ಎಲ್ಲಾ ಕಡೆ ಫೋಟೋ ತಕ್ಕೊಂಡು ಕಲಘಟಗ್ಯಾಗ ತೊಟ್ಟಿಲಾ ಮಾಡೂ ಕುಶಲಕರ್ಮಿಗಳಿಗೆ ತೋರಸ್ರಿ. ಅವ್ರು ಅರಗಿನ ಬಣ್ಣಾನ ಬಲ್ಲವ್ರು, ಉಳಿಸಬಹುದೋ ಇಲ್ಲೋ ಅವ್ರ ಹೇಳಬೇಕು. ಅಲ್ಲೀತನಕಾ ಬಿಸಲಾಗ ಇಡಬ್ಯಾಡ್ರಿ.

ಮರದಕ್ಕ, ಶಿವಮೊಗ್ಗ

ಓದಿ ತುಂಬ ಸಂತೋಷ ಆಯ್ತು ತಂಗಿ. ಆಂಟಿಗೆ ಫೋಟೋ ತೋರಿಸಿ, ಗುಲಾಬಿ ಬಣ್ಣದ ಮಾತು ಅವರೇ ಬಿಡ್ತಾರೆ. ಮೊಮ್ಮಗುವಿಗೆ ಬೇಕೇ ಬೇಕು ಅಂದರೆ ಚಕ್ಕೆ ಏಳೋ ಹಸಿರು ಒಂದು ಚೂರೂ ಉಳಿಯದ ಮೇಲೆಯೇ ಕೊಡಿ.

ಬೆಲೆ. ನಾನು ಹೀಗೆ ಲೆಕ್ಕ ಹಾಕ್ತೀನಿ. ಹೋದ ಸಲ ಒಂದು ತೇಗದ ಟೀಪಾಯಿ 800 ರೂಪಾಯಿಗೆ ತಂದೆ, ಲಗೇಜ್ ಆಟೋಗೆ 300, ಅರಗು ಸ್ಪಿರಿಟ್ ಉಪ್ಪುಕಾಗದ ಸೇರಿ 450. ನಾನು ಕೂತು ಕೆಲಸ ಮಾಡಿದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೀತೀನಿ, ಅದು ಒಟ್ಟು ಎರಡು ದಿನದ ಕೆಲಸ ಆಯ್ತು. ಊರಲ್ಲಿ ಪಾಲಿಶ್ ಕೆಲಸದವರಿಗೆ ಏನು ದಿನಗೂಲಿ ಇದೆಯೋ ಅದನ್ನೇ ನನ್ನ ಕೈಗೂ ಹಾಕ್ತೀನಿ, ಒಂದು ಪೈಸೆ ಕಡಿಮೆ ಇಲ್ಲ. ಹೆಂಗಸರು ಮನೆಯಲ್ಲಿ ಬಿಡುವಿನಲ್ಲಿ ಮಾಡಿದ್ದು ಅಂತ ಕೂಲಿ ಬಿಟ್ಟು ಲೆಕ್ಕ ಹಾಕ್ತಾರೆ, ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಇವೆಲ್ಲ ಕೂಡಿ ಬಂದ ಮೊತ್ತದ ಕೆಳಗೆ ನಾನು ಮಾರಲ್ಲ. ಅದರ ಮೇಲೆ ಎಷ್ಟು ಅನ್ನೋದು ಮರದ ಮೇಲೆ ಹೋಗುತ್ತೆ, ನಿಮ್ಮದು ಬೀಟೆ, ಧೈರ್ಯವಾಗಿ ಹೇಳಿ.

‘ಹಳೇದಲ್ವಾ’ ಅನ್ನೋರಿಗೆ ಬಾಯಲ್ಲಿ ವಾದ ಮಾಡಬೇಡಿ, ಡ್ರಾಯರ್ ಎಳೆಯೋಕೆ ಹೇಳಿ. ಓಡೋ ಪಟ್ಟಿಗೆ ಮೇಣದಬತ್ತಿ ಉಜ್ಜಿಟ್ಟಿರಿ, ಒಂದು ಬೆರಳಲ್ಲಿ ಬರಬೇಕು. ಬಣ್ಣ, ಪಾಲಿಶ್ ನೋಡಿ ಮನೆಗೆ ಬರ್ತಾರೆ, ಡ್ರಾಯರ್ ಎಳೆದ ಮೇಲೆ ದುಡ್ಡು ತೆಗೀತಾರೆ. ತಳದ ಫೋಟೋನೂ ಹಾಕಿ, ಮರ ಗೊತ್ತಿರೋರು ಅದನ್ನೇ ಮೊದಲು ಕೇಳೋದು. ಉದ್ದ, ಅಗಲ, ಎತ್ತರ ಬರೆದು, ಅವರ ಮನೆ ಮೆಟ್ಟಿಲು ಬಾಗಿಲು ಅಳೆದು ಬರೋಕೆ ಹೇಳಿ.

ಕೊಳ್ಳೋರು ಮಗನ ಮನೆಗೆ ವಿದೇಶಕ್ಕೆ ಕಳಿಸ್ತೀವಿ ಅಂದರೆ ಮಾತ್ರ ಎಚ್ಚರ. ಬೀಟೆ 2017ರಿಂದ ಸೈಟಿಸ್ (ಅಪಾಯದಲ್ಲಿರೋ ಗಿಡ ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಇಂಥ ಇಡೀ ಮೇಜು ದೇಶದಿಂದ ಹೊರಗೆ ಕಳಿಸೋಕೆ ಕಾಗದಪತ್ರ ಬೇಕು. ಅದು ಅವರ ಜವಾಬ್ದಾರಿ ಅಂತ ರಸೀದಿಯಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ. ಇನ್ನೊಂದು ಪಕ್ಕದ ಬಣ್ಣ ತೆಗೆದಾದ ಮೇಲೆ ಹಗಲು ಬೆಳಕಲ್ಲಿ ಒಂದು ಫೋಟೋ ಇಲ್ಲೇ ಹಾಕಿ, ರಂಧ್ರದಲ್ಲಿ ಎಷ್ಟು ಬಿಳಿ ಉಳಿದಿದೆ ನೋಡಿ ವ್ಯಾಕ್ಸ್ ಯಾವ ಬಣ್ಣದ್ದು ಅಂತ ಹೇಳ್ತೀನಿ.